ಹಸಿರು ಪರದೆಯ ಯಂತ್ರಕ್ಕೆ ಕನ್ನಡದ ಕಿಟಕಿ: ಐಬಿಎಂ ಐ ಮೇಲೆ ಮುಕ್ತ ವೆಬ್ ತಂತ್ರಾಂಶ ಬಳಸುವ ಸಮಗ್ರ ಮಾರ್ಗದರ್ಶಿ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಬಿಡಿಭಾಗಗಳ ಕಾರ್ಖಾನೆಯ ಸ್ಟೋರ್ಸ್‌ನಿಂದ ಆಫೀಸ್ ಕಟ್ಟಡಕ್ಕೆ ನಡೆದು ಹೋಗಲು ಆರೇಳು ನಿಮಿಷ ಬೇಕು. ಒಂದು ಬೇರಿಂಗ್ ದಾಸ್ತಾನಿನಲ್ಲಿ ಎಷ್ಟಿದೆ ಎಂದು ತಿಳಿಯಲು ಸ್ಟೋರ್ಸ್‌ನ ಹಿರಿಯರೊಬ್ಬರು ದಿನಕ್ಕೆ ನಾಲ್ಕೈದು ಸಲ ಆ ದಾರಿ ಸವೆಸುತ್ತಿದ್ದರು. ಲೆಕ್ಕವೆಲ್ಲ ಇದ್ದದ್ದು ಆಫೀಸಿನ ತಂಪು ಕೋಣೆಯ ಐಬಿಎಂ ಯಂತ್ರದಲ್ಲಿ. ಅದನ್ನು ನೋಡಲು ಇದ್ದದ್ದು ಕಪ್ಪು ಹಿನ್ನೆಲೆಯ ಹಸಿರು ಅಕ್ಷರಗಳ ಪರದೆ, ಅದೂ ಇಂಗ್ಲಿಷಿನಲ್ಲಿ ಮಾತ್ರ. ‘ಸಾರ್, ಇದನ್ನೇ ನನ್ನ ಮೊಬೈಲಿನಲ್ಲಿ, ಕನ್ನಡದಲ್ಲಿ ತೋರಿಸಲು ಆಗುವುದಿಲ್ಲವೇ?’ ಎಂದು ಅವರು ಒಂದು ದಿನ ಕೇಳಿದರು.

ಆ ಪ್ರಶ್ನೆಗೆ ಸುತ್ತಮುತ್ತಲಿನಿಂದ ಬಂದ ಮೊದಲ ಉತ್ತರ, ‘ಯಂತ್ರ ಹಳೆಯದು, ಅದನ್ನೇ ಬದಲಿಸಿ’ ಎಂಬುದು. ನಾನು ಒಪ್ಪಲಿಲ್ಲ. ಲೆಕ್ಕ ಇರುವಲ್ಲಿಯೇ ಇರಲಿ, ಲೆಕ್ಕದ ನಿಯಮಗಳೂ ಇರುವಲ್ಲಿಯೇ ಇರಲಿ, ಆ ಗೋಡೆಗೆ ಒಂದು ಕಿಟಕಿ ಕೊರೆದರೆ ಸಾಕು ಎಂಬುದು ನನ್ನ ನಿಲುವು. ಆ ಕಿಟಕಿಗೆ ಬೇಕಾದ ಸಾಮಗ್ರಿಯೆಲ್ಲ ಮುಕ್ತ ತಂತ್ರಾಂಶವಾಗಿ, ಪ್ರತ್ಯೇಕ ಲೈಸೆನ್ಸ್ ಶುಲ್ಕವಿಲ್ಲದೆ, ಅದೇ ಯಂತ್ರದ ಒಳಗೇ ಓಡುತ್ತದೆ. ಹೇಗೆ ಎಂಬುದನ್ನು ನಾನು ಮಾಡಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ; ಕೀಲಿಮಣೆಯಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ಯಂತ್ರದ ಪರಿಚಯ

ಐಬಿಎಂ ಕಂಪನಿ 1988ರ ಜೂನ್ 21ರಂದು ಎಎಸ್/400 ಯಂತ್ರವನ್ನು ಪ್ರಕಟಿಸಿತು. ಸಿಸ್ಟಮ್/36 ಮತ್ತು ಸಿಸ್ಟಮ್/38 ಎಂಬ ಎರಡು ಹಿಂದಿನ ಯಂತ್ರಗಳ ವಾರಸುದಾರ ಅದು. ಮೇನ್‌ಫ್ರೇಮಿಗಿಂತ ಚಿಕ್ಕದು, ಮೇಜಿನ ಕಂಪ್ಯೂಟರಿಗಿಂತ ಬಹಳ ದೊಡ್ಡದು ಆದ್ದರಿಂದ ಮಿಡ್‌ರೇಂಜ್ ಎಂಬ ವರ್ಗದ ಹೆಸರು ಬಂತು. ಐಸೀರೀಸ್, ಸಿಸ್ಟಮ್ ಐ ಎಂದು ಹೆಸರು ಬದಲಾಗುತ್ತಾ 2008ರಿಂದ ಆಪರೇಟಿಂಗ್ ಸಿಸ್ಟಮ್ಮಿಗೆ ಐಬಿಎಂ ಐ ಎಂಬ ಹೆಸರು ನಿಂತಿದೆ. ಅದು ಪವರ್ ಸರ್ವರ್‌ಗಳ ಮೇಲೆ ಓಡುತ್ತದೆ. ಆದರೂ ನಮ್ಮಲ್ಲಿ ಎಲ್ಲರ ಬಾಯಲ್ಲಿ ಅದು ಇಂದಿಗೂ ‘ಎಎಸ್ ನಾನೂರು’.

ಹೆಸರು ಹಳೆಯದೆಂದು ಯಂತ್ರವೂ ಹಳೆಯದೆಂದು ತಿಳಿಯುವುದು ದೊಡ್ಡ ತಪ್ಪು. ಐಬಿಎಂ ಐ 7.4 ಬಂದದ್ದು 2019ರಲ್ಲಿ, 7.5 ಬಂದದ್ದು 2022ರಲ್ಲಿ, 7.6 ಬಂದದ್ದು 2025ರಲ್ಲಿ. ಇದರಲ್ಲಿ ಡೇಟಾಬೇಸನ್ನು ಬೇರೆಯಾಗಿ ಸ್ಥಾಪಿಸುವ ಮಾತೇ ಇಲ್ಲ; ಡಿಬಿ2 ಆಪರೇಟಿಂಗ್ ಸಿಸ್ಟಮ್ಮಿನ ಒಳಗೇ ಬೆಸೆದುಕೊಂಡಿದೆ. ಮೂವತ್ತು ವರ್ಷದ ಹಿಂದೆ ಆರ್‌ಪಿಜಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇಂದೂ ಓಡುತ್ತದೆ.

ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಇದರೊಳಗಿನ ಪೇಸ್ ಎಂಬ ಪರಿಸರ. ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ಗೆ ತಯಾರಾದ ಪ್ರೋಗ್ರಾಂಗಳನ್ನು ಪೇಸ್ ನೇರವಾಗಿ ಓಡಿಸುತ್ತದೆ. ಪ್ರೋಗ್ರಾಂ ಬರೆದು ಓಡಿಸಲು ಬಳಸುವ ಪೈಥಾನ್ ಮತ್ತು ನೋಡ್, ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಇವೆಲ್ಲ ಇದರ ಮೇಲೆ ನಿಂತಿವೆ. ಮೊದಲು ಇವು ಒಂದು ಲೈಸೆನ್ಸ್ ಪ್ರೋಗ್ರಾಂ ಆಗಿ ಬರುತ್ತಿದ್ದವು. 2018ರಿಂದ ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಆರ್‌ಪಿಎಂ ಪ್ಯಾಕೇಜ್ (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟು) ಮತ್ತು ಅವನ್ನು ತಂದು ಸ್ಥಾಪಿಸುವ ಯಮ್ ವ್ಯವಸ್ಥೆಯಲ್ಲಿ ಬರುತ್ತಿವೆ. ಅಂತರ್ಜಾಲದಲ್ಲಿ 5733ಓಪಿಎಸ್ ಎಂಬ ಹಳೆಯ ಪ್ರೋಗ್ರಾಂ ಸ್ಥಾಪಿಸಿ ಎಂದು ಹೇಳುವ ಲೇಖನ ಸಿಕ್ಕರೆ ಬದಿಗಿಡಿ, ಆ ದಾರಿ ಮುಚ್ಚಿದೆ.

ಮೊದಲ ಹೆಜ್ಜೆ: ಒಳಗೆ ಏನಿದೆ ಎಂದು ನೋಡುವುದು

ಹಸಿರು ಪರದೆಯಲ್ಲಿ ‘ಗೋ ಎಲ್‌ಐಸಿಪಿಜಿಎಂ’ ಎಂದು ಕೊಟ್ಟು 10ನೇ ಆಯ್ಕೆ ಒತ್ತಿದರೆ ಸ್ಥಾಪಿತ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಅದರಲ್ಲಿ ಎರಡು ಇರಲೇಬೇಕು: 5770ಎಸ್‌ಎಸ್1ರ 33ನೇ ಆಯ್ಕೆ, ಅದೇ ಪೇಸ್; ಮತ್ತು 5733ಎಸ್‌ಸಿ1, ಅದರಲ್ಲಿ ಎಸ್‌ಎಸ್‌ಎಚ್, ಅಂದರೆ ಬೇರೆ ಕಂಪ್ಯೂಟರಿನಿಂದ ಸುರಕ್ಷಿತವಾಗಿ ಒಳಬರುವ ಸಾಧನ, ಇದೆ. ಎರಡೂ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೇ ಸಿಗುವಂಥವು, ಬೇರೆ ಹಣ ಕೊಡಬೇಕಿಲ್ಲ. ಆವೃತ್ತಿ 7.4 ಅಥವಾ ಅದಕ್ಕಿಂತ ಹೊಸದಾಗಿರಲಿ. ಹಳೆಯ ಆವೃತ್ತಿಯ ಮೇಲೆ ಹೊಸ ಪ್ಯಾಕೇಜ್ ಕೂರಿಸಲು ಹೆಣಗುವುದಕ್ಕಿಂತ ಮೊದಲು ಆವೃತ್ತಿ ಏರಿಸಿಕೊಳ್ಳುವುದು ಲೇಸು.

ಈ ಯಂತ್ರದ ಆಜ್ಞೆಗಳು ಹೊಸಬರನ್ನು ಹೆದರಿಸುತ್ತವೆ. ಗುಟ್ಟು ಸರಳ: ಇಂಗ್ಲಿಷ್ ಪದಗಳ ಸ್ವರ ತೆಗೆದು ಮುಖ್ಯ ವ್ಯಂಜನಗಳನ್ನು ಉಳಿಸಿಕೊಂಡಿದ್ದಾರೆ. ಎಸ್‌ಟಿಆರ್ ಎಂದರೆ ಸ್ಟಾರ್ಟ್, ಡಬ್ಲ್ಯುಆರ್‌ಕೆ ಎಂದರೆ ವರ್ಕ್, ಡಿಎಸ್‌ಪಿ ಎಂದರೆ ಡಿಸ್‌ಪ್ಲೇ, ಸಿಆರ್‌ಟಿ ಎಂದರೆ ಕ್ರಿಯೇಟ್. ಆಜ್ಞೆಯ ಹೆಸರು ಬರೆದು ಎಫ್4 ಒತ್ತಿದರೆ ಉಳಿದ ವಿವರಗಳನ್ನು ಯಂತ್ರವೇ ಕೇಳುತ್ತದೆ. ಇಷ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ.

ನಿಮ್ಮ ಕಾರ್ಖಾನೆಯ ಯಂತ್ರದ ಮೇಲೆ ಕೈಯಿಡುವ ಮೊದಲು ಅಭ್ಯಾಸ ಬೇಕೆನ್ನುವವರಿಗೆ ಜರ್ಮನಿಯಲ್ಲಿ ಪಬ್400 ಎಂಬ ಸಾರ್ವಜನಿಕ ಐಬಿಎಂ ಐ ಯಂತ್ರವಿದೆ. ಉಚಿತವಾಗಿ ಖಾತೆ ಕೊಡುತ್ತಾರೆ. ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಅಲ್ಲಿ ಒಂದು ವಾರ ಓಡಾಡಲು ಹೇಳುತ್ತೇನೆ.

ಎರಡನೆಯ ಹೆಜ್ಜೆ: ಎಸ್‌ಎಸ್‌ಎಚ್ ಬಾಗಿಲು

‘ಎಸ್‌ಟಿಆರ್‌ಟಿಸಿಪಿಎಸ್‌ವಿಆರ್’ ಆಜ್ಞೆಗೆ ಸರ್ವರ್ ಹೆಸರಾಗಿ *ಎಸ್‌ಎಸ್‌ಎಚ್‌ಡಿ ಎಂದು ಕೊಟ್ಟರೆ ಎಸ್‌ಎಸ್‌ಎಚ್ ಚಾಲೂ ಆಗುತ್ತದೆ. ಅನಂತರ ನಿಮ್ಮ ಹೆಸರಿನಲ್ಲಿ ಹೋಮ್ ಎಂಬ ಫೋಲ್ಡರಿನೊಳಗೆ ಒಂದು ಮನೆ ಫೋಲ್ಡರ್ ಮಾಡಿ, ಅದರ ಒಡೆತನ ನಿಮ್ಮ ಪ್ರೊಫೈಲಿಗೇ (ಯಂತ್ರದಲ್ಲಿನ ಬಳಕೆದಾರ ಖಾತೆಗೇ) ಇರಲಿ. ಅದರ ಅನುಮತಿ 755 (ತಿದ್ದುವುದು ನೀವು ಮಾತ್ರ, ನೋಡುವುದು ಎಲ್ಲರೂ), ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿನ ಅನುಮತಿ 700 (ಎಲ್ಲವೂ ನಿಮಗೆ ಮಾತ್ರ) ಇರಬೇಕು. ಅನುಮತಿ ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಆ ಫೋಲ್ಡರಿನಲ್ಲಿ ಪಾಸ್‌ವರ್ಡಿನ ಬದಲು ಇಡುವ ಕೀಲಿಯ ಕಡತವನ್ನು ನಂಬದೆ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ಮೊದಲ ದಿನ ಬಹಳ ಮಂದಿ ಎಡವುವುದು ಇಲ್ಲಿಯೇ.

ಹಸಿರು ಪರದೆಯ ಒಳಗಿನಿಂದಲೇ ಪೇಸ್ ಪ್ರವೇಶಿಸುವ ‘ಕ್ಯೂಪಿ2ಟರ್ಮ್’ ಎಂಬ ಪ್ರೋಗ್ರಾಂ ಕೂಡ ಇದೆ. ಅದನ್ನು ಬಳಸಬೇಡಿ. ಅದು ನಿಜವಾದ ಟರ್ಮಿನಲ್ ಅಲ್ಲ. ಸಂಪಾದಕಗಳು ಅದರಲ್ಲಿ ಸರಿಯಾಗಿ ತೆರೆಯುವುದಿಲ್ಲ. ನಿಮ್ಮ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಬರುವುದೊಂದೇ ನೆಟ್ಟಗಿನ ದಾರಿ. ಕೋಡ್ ಬರೆಯಲು ವಿಷುಯಲ್ ಸ್ಟುಡಿಯೋ ಕೋಡ್ ಇದ್ದರೆ ‘ಕೋಡ್ ಫಾರ್ ಐಬಿಎಂ ಐ’ ಎಂಬ ಮುಕ್ತ ವಿಸ್ತರಣೆಯನ್ನು ಹಾಕಿಕೊಳ್ಳಿ. ಪೈಥಾನ್ ಕಡತವೂ ಆರ್‌ಪಿಜಿ ಮೂಲವೂ ಒಂದೇ ಕಡೆ ತೆರೆದುಕೊಳ್ಳುತ್ತವೆ.

ಇನ್ನೊಂದು ಮಾತು. ಕ್ಯೂಎಸ್‌ಇಸಿಓಎಫ್‌ಆರ್ ಎಂಬ ಸರ್ವಾಧಿಕಾರಿ ಪ್ರೊಫೈಲಿನಲ್ಲಿ ದಿನದ ಕೆಲಸ ಮಾಡಲೇಬೇಡಿ. ಪ್ಯಾಕೇಜ್ ಸ್ಥಾಪಿಸಲು ಎಲ್ಲ ವಸ್ತುಗಳ ಮೇಲಿನ ಅಧಿಕಾರವಾದ *ಆಲ್‌ಓಬಿಜೆ ಬೇಕು, ನಿಜ. ಅಷ್ಟಕ್ಕೆ ಒಂದು ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಅದರಿಂದ ಹೊರಬನ್ನಿ.

ಮೂರನೆಯ ಹೆಜ್ಜೆ: ಪ್ಯಾಕೇಜ್‌ಗಳು

ಹಸಿರು ಪರದೆ ನೋಡಲು ಈಗ ಎಲ್ಲರೂ ಬಳಸುವ ಎಸಿಎಸ್ ತಂತ್ರಾಂಶದ ಟೂಲ್ಸ್ ಮೆನುವಿನಲ್ಲಿಯೇ ‘ಓಪನ್ ಸೋರ್ಸ್ ಪ್ಯಾಕೇಜ್ ಮ್ಯಾನೇಜ್‌ಮೆಂಟ್’ ಎಂಬ ಆಯ್ಕೆ ಇದೆ. ಮೊದಲ ಸಲ ತೆರೆದಾಗ ಅಡಿಪಾಯದ ಪ್ಯಾಕೇಜ್‌ಗಳನ್ನು ಸ್ಥಾಪಿಸಲೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ನಿಮ್ಮ ಯಂತ್ರಕ್ಕೆ ಅಂತರ್ಜಾಲ ಸಂಪರ್ಕ ಕೊಟ್ಟಿಲ್ಲದಿದ್ದರೆ ಚಿಂತೆ ಬೇಡ. ಎಸಿಎಸ್ ನಿಮ್ಮ ಮೇಜಿನ ಕಂಪ್ಯೂಟರಿನ ಸಂಪರ್ಕವನ್ನು ಎಸ್‌ಎಸ್‌ಎಚ್ ಸುರಂಗದ ಮೂಲಕ ಬಳಸಿಕೊಳ್ಳಬಲ್ಲದು. ನಮ್ಮಲ್ಲಿ ಹಾಗೆಯೇ ಮಾಡಿದೆವು. ಲೆಕ್ಕದ ಯಂತ್ರ ಹೊರಜಗತ್ತಿಗೆ ತೆರೆದುಕೊಳ್ಳದಿರುವುದೇ ಕ್ಷೇಮ.

ಪಟ್ಟಿಯಿಂದ ಆರಿಸಿಕೊಳ್ಳಬೇಕಾದವು ಇಷ್ಟು: ಆಜ್ಞೆ ಬರೆಯಲು ಬ್ಯಾಷ್, ಗಿಟ್, ಪೈಥಾನ್ 3.9 ಮತ್ತು ಅದನ್ನು ಡೇಟಾಬೇಸಿಗೆ ಜೋಡಿಸುವ ಪೈಓಡಿಬಿಸಿ, ಎಂಜಿನ್‌ಎಕ್ಸ್, ಸರ್ವಿಸ್ ಕಮಾಂಡರ್. ಇದರ ಜೊತೆಗೆ ಪೇಸ್‌ಗಾಗಿಯೇ ಐಬಿಎಂ ಕೊಡುವ ಓಡಿಬಿಸಿ ಚಾಲಕ, ಅಂದರೆ ಡೇಟಾಬೇಸಿಗೆ ಸೇತುವೆಯಾಗುವ ತಂತ್ರಾಂಶ, ಬೇಕು. ಅದರ ಪ್ಯಾಕೇಜಿನ ಹೆಸರು ‘ಐಬಿಎಂ-ಐಆಕ್ಸೆಸ್’. ಎಲ್ಲವೂ ಕ್ಯೂಓಪನ್‌ಸಿಸ್ ಫೋಲ್ಡರಿನೊಳಗಿನ ಪಿಕೆಜಿಎಸ್ ಎಂಬಲ್ಲಿ ಕೂರುತ್ತವೆ. ಆ ಜಾಗ ನಿಮ್ಮ ದಾರಿಯಲ್ಲಿ, ಅಂದರೆ ‘ಪಾತ್’ ಎಂಬ ಚರದಲ್ಲಿ, ಎಲ್ಲಕ್ಕಿಂತ ಮೊದಲು ಬರುವಂತೆ ಮನೆ ಫೋಲ್ಡರಿನ ಪ್ರೊಫೈಲ್ ಕಡತದಲ್ಲಿ ಬರೆದಿಡಿ. ಮರೆತರೆ ಆಪರೇಟಿಂಗ್ ಸಿಸ್ಟಮ್ಮಿನ ಹಳೆಯ ಉಪಕರಣಗಳೇ ಓಡಿ, ಏಕೆ ಏನೂ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತೀರಿ.

ನೋಡ್ ಏಕಲ್ಲ, ಪೈಥಾನ್ ಏಕೆ? ನೋಡ್ ಕೂಡ ಇಲ್ಲಿ ಚೆನ್ನಾಗಿ ಓಡುತ್ತದೆ, ಅದನ್ನು ಬಲ್ಲವರು ಅದನ್ನೇ ಬಳಸಲಿ. ಆದರೆ ನಮ್ಮದು ಇಬ್ಬರ ವಿಭಾಗ. ನೋಡ್‌ನಲ್ಲಿ ಒಂದು ಚಿಕ್ಕ ಪುಟಕ್ಕೂ ನೂರಾರು ಉಪಪ್ಯಾಕೇಜ್ ಬರುತ್ತವೆ, ಅವನ್ನು ವರ್ಷಗಟ್ಟಲೆ ಪೋಷಿಸುವ ಕೈಗಳು ನಮ್ಮಲ್ಲಿಲ್ಲ. ಪೈಥಾನ್‌ನ ಡೇಟಾಬೇಸ್ ಸಂಪರ್ಕ ಯಂತ್ರಕ್ಕೆಂದೇ ಸಿದ್ಧವಾಗಿ ಬರುತ್ತದೆ, ನಾವು ಏನನ್ನೂ ಕಂಪೈಲ್ ಮಾಡಬೇಕಿಲ್ಲ. ಪುಟಕ್ಕೆ ಫ್ಲಾಸ್ಕ್, ಅದನ್ನು ಓಡಿಸಲು ವೇಟ್ರೆಸ್, ಇಷ್ಟೇ ಪರಿವಾರ.

ಪೈಥಾನ್‌ನ ಪ್ರತ್ಯೇಕ ಪರಿಸರ, ಅಂದರೆ ವೆನ್ವ್, ಸೃಷ್ಟಿಸುವಾಗ ‘ಸಿಸ್ಟಮ್-ಸೈಟ್-ಪ್ಯಾಕೇಜಸ್’ ಎಂಬ ಆಯ್ಕೆಯನ್ನು ಕೊಡುವುದು ಕಡ್ಡಾಯ. ಕೊಡದಿದ್ದರೆ ಯಮ್ ಮೂಲಕ ಬಂದ ಪೈಓಡಿಬಿಸಿ ಒಳಗೆ ಕಾಣುವುದಿಲ್ಲ. ಆಗ ಪೈಥಾನ್‌ನ ಪ್ಯಾಕೇಜ್ ಸ್ಥಾಪಿಸುವ ಸಾಧನವಾದ ಪಿಪ್ ಅದನ್ನು ಮತ್ತೆ ಮೂಲದಿಂದ ಕಟ್ಟಲು ಹೊರಟು ಕಂಪೈಲರ್ ಇಲ್ಲ ಎಂದು ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ಹಳೆಯ ಕಡತಗಳಿಗೆ ಹೊಸ ನೋಟ

ಈ ಕೆಲಸದ ಜೀವ ಇರುವುದು ವೆಬ್ ಪುಟದಲ್ಲಲ್ಲ, ಇಲ್ಲಿ. ಹಳೆಯ ಆರ್‌ಪಿಜಿಯಲ್ಲಿ ಅಂಕಣದ ಹೆಸರು ಆರು ಅಕ್ಷರ ಮೀರುವಂತಿರಲಿಲ್ಲ. ಹಾಗಾಗಿ ಕಡತ ತೆರೆದರೆ ಐಟಿಎನ್‌ಬಿಆರ್, ಕ್ಯೂಟಿಓಎನ್‌ಹೆಚ್ ಎಂಬಂಥ ಹೆಸರುಗಳು ಸಾಲಾಗಿ ನಿಂತಿರುತ್ತವೆ. ಅವುಗಳನ್ನು ನೇರವಾಗಿ ಪೈಥಾನ್‌ಗೆ ತರಬೇಡಿ. ಡೇಟಾಬೇಸಿನಲ್ಲಿಯೇ ಒಂದು ವ್ಯೂ, ಅಂದರೆ ಮೂಲ ಕಡತವನ್ನು ಬೇರೆ ರೂಪದಲ್ಲಿ ತೋರಿಸುವ ನೋಟ, ಸೃಷ್ಟಿಸಿ, ಅದರಲ್ಲಿ ಮೂರು ಕೊಳೆಗಳನ್ನು ತೊಳೆಯಿರಿ.

ಮೊದಲನೆಯದು ಹೆಸರು. ಓದಿದರೆ ಅರ್ಥವಾಗುವ ಹೆಸರು ಕೊಡಿ.

ಎರಡನೆಯದು ದಿನಾಂಕ. ಹಳೆಯ ಕಡತಗಳಲ್ಲಿ ದಿನಾಂಕ ಏಳು ಅಂಕಿಯ ಸಂಖ್ಯೆಯಾಗಿರುವುದು ಸಾಮಾನ್ಯ. 1240315 ಎಂದಿದ್ದರೆ ಮೊದಲ 1 ಶತಮಾನದ ಗುರುತು, ಮುಂದಿನ 24 ವರ್ಷ, ಆಮೇಲೆ ತಿಂಗಳು, ದಿನ. ಅಂದರೆ 2024ರ ಮಾರ್ಚ್ 15. ಇದಕ್ಕೊಂದು ಸುಲಭದ ಲೆಕ್ಕವಿದೆ. ಆ ಸಂಖ್ಯೆಗೆ 19000000 ಕೂಡಿಸಿ. 20240315 ಬರುತ್ತದೆ. ಶತಮಾನದ ಗುರುತು ಸೊನ್ನೆಯಾಗಿರುವ 0991231ಕ್ಕೆ ಕೂಡಿಸಿದರೂ 19991231 ಸರಿಯಾಗಿಯೇ ಬರುತ್ತದೆ. ಅದನ್ನು ಅಕ್ಷರಮಾಲೆಯಾಗಿಸಿ ದಿನಾಂಕಕ್ಕೆ ಪರಿವರ್ತಿಸಿ. ದಿನಾಂಕ ತುಂಬದೆ ಸೊನ್ನೆ ಬಿಟ್ಟ ಸಾಲುಗಳು ಇದ್ದೇ ಇರುತ್ತವೆ. ಅಂಥ ಕಡೆ ನಲ್, ಅಂದರೆ ಮೌಲ್ಯವೇ ಇಲ್ಲ ಎಂಬ ಗುರುತು, ಕೊಡುವಂತೆ ಷರತ್ತು ಹಾಕಿ. ಇಲ್ಲವಾದರೆ ಒಂದೇ ಒಂದು ಸಾಲಿನಿಂದ ಇಡೀ ಪುಟ ಬೀಳುತ್ತದೆ.

ಮೂರನೆಯದು ಸಿಸಿಎಸ್‌ಐಡಿ, ಅಂದರೆ ಅಕ್ಷರಸಂಕೇತದ ಸಂಖ್ಯೆ. ಈ ಯಂತ್ರ ಸಾಂಪ್ರದಾಯಿಕವಾಗಿ ಆಸ್ಕಿ ಬಳಸುವುದಿಲ್ಲ, ಎಬ್ಸಿಡಿಕ್ ಬಳಸುತ್ತದೆ. ಅದರ ಅಮೆರಿಕನ್ ಇಂಗ್ಲಿಷ್ ಪ್ರಕಾರಕ್ಕೆ 37 ಎಂಬ ಸಂಖ್ಯೆ. ಯೂನಿಕೋಡಿನ ಯುಟಿಎಫ್-8ಕ್ಕೆ 1208, ಯುಟಿಎಫ್-16ಕ್ಕೆ 1200. ಇನ್ನು 65535 ಎಂಬುದೊಂದಿದೆ. ಅದರರ್ಥ ‘ಇದನ್ನು ಪರಿವರ್ತಿಸಬೇಡ’. ಅಂಕಣಕ್ಕೆ 65535 ಅಂಟಿದ್ದರೆ ಓಡಿಬಿಸಿ ಅದನ್ನು ಅಕ್ಷರವೆಂದು ತಿಳಿಯದೆ ಬರಿಯ ಬೈಟ್‌ಗಳಾಗಿ ತಂದು ಕೊಡುತ್ತದೆ. ವ್ಯೂ ಒಳಗೆ ಆ ಅಂಕಣವನ್ನು 37ಕ್ಕೆ ಕಾಸ್ಟ್ ಮಾಡಿದರೆ, ಅಂದರೆ ಪರಿವರ್ತಿಸಿದರೆ, ತೊಂದರೆ ಅಲ್ಲಿಗೇ ಮುಗಿಯಿತು. ಹಸಿರು ಪರದೆಯ ಪ್ರೋಗ್ರಾಂಗಳು ಮೂಲ ಕಡತವನ್ನೇ ಬಳಸುವುದರಿಂದ ಅವುಗಳಿಗೆ ಏನೂ ಆಗುವುದಿಲ್ಲ.

ಐದನೆಯ ಹೆಜ್ಜೆ: ಕನ್ನಡಕ್ಕೆ ಜಾಗ

ಎಬ್ಸಿಡಿಕ್ 37ರಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ನಾನು ಮೊದಲ ಸಲ ಹಳೆಯ ವಿವರಣೆಯ ಅಂಕಣಕ್ಕೇ ಕನ್ನಡ ತುಂಬಲು ಹೋದೆ. ಪರೀಕ್ಷೆಗೆ ಬರೆದ ನಲವತ್ತು ಹೆಸರುಗಳೂ ಹಾಳಾದವು. ಒಮ್ಮೆ ಹಾಗೆ ಕಳೆದುಹೋದ ಅಕ್ಷರ ಮರಳಿ ಬರುವುದಿಲ್ಲ. ಪ್ರತಿ ಇಟ್ಟುಕೊಂಡು ಪರೀಕ್ಷೆಯ ಲೈಬ್ರರಿಯಲ್ಲಿ (ಈ ಯಂತ್ರದಲ್ಲಿ ಕಡತ, ಪ್ರೋಗ್ರಾಂಗಳನ್ನು ಇಡುವ ಉಗ್ರಾಣದಲ್ಲಿ) ಮಾಡಿದ್ದರಿಂದ ಲೆಕ್ಕಕ್ಕೆ ಪೆಟ್ಟಾಗಲಿಲ್ಲ.

ಸರಿಯಾದ ದಾರಿ ಇದು: ಹಳೆಯ ಕಡತವನ್ನು ಮುಟ್ಟದೆ, ವಸ್ತುವಿನ ಸಂಖ್ಯೆ ಮತ್ತು ಕನ್ನಡ ಹೆಸರು ಎಂಬ ಎರಡೇ ಅಂಕಣಗಳ ಹೊಸ ಕೋಷ್ಟಕ ಮಾಡಿ. ಹೆಸರಿನ ಅಂಕಣ ವಾರ್‌ಗ್ರಾಫಿಕ್ ಬಗೆಯದಾಗಿರಲಿ, ಸಿಸಿಎಸ್‌ಐಡಿ 1200. ವಾರ್‌ಚಾರ್ ಮತ್ತು 1208 ಕೂಡ ನಡೆಯುತ್ತದೆ, ಆದರೆ ಅಲ್ಲೊಂದು ಬಲೆ ಇದೆ. 1208ರಲ್ಲಿ ಉದ್ದವನ್ನು ಎಣಿಸುವುದು ಬೈಟ್‌ನಲ್ಲಿ, ಮತ್ತು ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ತುಮಕೂರು’ ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಉಕಾರ, ಊಕಾರಗಳೂ ಬೇರೆಯಾಗಿ ಎಣಿಕೆಗೆ ಬರುವುದರಿಂದ ಅದು ಏಳು ಸಂಕೇತ. ಮೂರರಿಂದ ಗುಣಿಸಿದರೆ 21 ಬೈಟ್. ಇಪ್ಪತ್ತು ಬೈಟಿನ ಅಂಕಣದಲ್ಲಿ ನಮ್ಮ ಊರಿನ ಹೆಸರೇ ಹಿಡಿಯುವುದಿಲ್ಲ! ವಾರ್‌ಗ್ರಾಫಿಕ್‌ನಲ್ಲಿಯಾದರೆ ಒಂದು ಸಂಕೇತಕ್ಕೆ ಒಂದು ಸ್ಥಾನ, ಏಳು ಸ್ಥಾನ ಸಾಕು. ಅಳತೆ ನೆನಪಿಡುವುದು ಸುಲಭ.

ಹೆಸರುಗಳನ್ನು ಯಾರು ಬರೆಯಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಅನುವಾದ ತಂತ್ರಾಂಶಕ್ಕೆ ಕೊಡಬೇಡಿ. ನಿಘಂಟು ಹಿಡಿದು ಆಫೀಸಿನಲ್ಲಿ ಕುಳಿತೂ ಬರೆಯಬೇಡಿ. ನಾನು ಪುಸ್ತಕ ಹಿಡಿದು ಸ್ಟೋರ್ಸ್‌ಗೆ ಹೋಗಿ, ‘ಯಜಮಾನರೇ, ಇದನ್ನು ನೀವು ಏನೆಂದು ಕರೆಯುತ್ತೀರಿ?’ ಎಂದು ಒಂದೊಂದೇ ಕೇಳಿದೆ. ವಾಷರ್ ವಾಷರ್ ಆಗಿಯೇ ಉಳಿಯಿತು, ಸ್ಪ್ರಿಂಗ್ ಸ್ಪ್ರಿಂಗ್ ಆಗಿಯೇ ಉಳಿಯಿತು. ಕೆಲವು ಬಿಡಿಭಾಗಗಳಿಗೆ ನಾನು ಎಂದೂ ಕೇಳದ, ಆಕಾರ ನೋಡಿ ಇಟ್ಟ ಹೆಸರುಗಳಿದ್ದವು. ಪುಟದಲ್ಲಿ ಇರುವುದು ಆ ಹೆಸರುಗಳೇ. ಹುಡುಕುವವರು ಟೈಪ್ ಮಾಡುವುದೂ ಅವನ್ನೇ.

ಇನ್ನೊಂದು ಸೂಕ್ಷ್ಮ: ಯೂನಿಕೋಡಿನ ಕ್ರಮದಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ನಂತರ. ಡೇಟಾಬೇಸ್ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಪಟ್ಟಿ ಅಲ್ಲಲ್ಲಿ ಹಿಂದೆ ಮುಂದೆ ಕಾಣುತ್ತದೆ. ನಾನು ವಸ್ತುವಿನ ಸಂಖ್ಯೆಯ ಕ್ರಮದಲ್ಲಿಯೇ ಪಟ್ಟಿ ತೋರಿಸುತ್ತೇನೆ, ಸ್ಟೋರ್ಸ್‌ನ ಕಪಾಟುಗಳೂ ಅದೇ ಕ್ರಮದಲ್ಲಿವೆ.

ಆರನೆಯ ಹೆಜ್ಜೆ: ಪುಟ

ಓಡಿಬಿಸಿ ಚಾಲಕವನ್ನು ಯಂತ್ರದಲ್ಲಿಯೇ ಸ್ಥಾಪಿಸಿದಾಗ ‘*ಲೋಕಲ್’ ಎಂಬ ಸಂಪರ್ಕದ ಹೆಸರು ತಾನಾಗಿ ಸಿದ್ಧವಾಗಿರುತ್ತದೆ. ಪೈಓಡಿಬಿಸಿಗೆ ಅದನ್ನು ಡಿಎಸ್‌ಎನ್ ಎಂದು ಕೊಟ್ಟರೆ ಪ್ರೋಗ್ರಾಂ ಓಡುತ್ತಿರುವ ಪ್ರೊಫೈಲಿನ ಹೆಸರಿನಲ್ಲಿಯೇ ಸಂಪರ್ಕವಾಗುತ್ತದೆ. ಕೋಡಿನಲ್ಲಿ ಪಾಸ್‌ವರ್ಡ್ ಬರೆದಿಡುವ ಅಗತ್ಯವಿಲ್ಲ. ಇದೇ ಕಾರಣಕ್ಕೆ ಪುಟವನ್ನು ಓಡಿಸಲು ಒಂದು ಹೊಸ ಪ್ರೊಫೈಲ್ ಮಾಡಿ, ಅದಕ್ಕೆ ಆ ವ್ಯೂ ಮತ್ತು ಕನ್ನಡ ಹೆಸರಿನ ಕೋಷ್ಟಕವನ್ನು ಓದುವ ಅಧಿಕಾರವನ್ನು ಮಾತ್ರ ಕೊಡಿ. ಪುಟದಲ್ಲಿ ಎಂಥ ದೋಷವಿದ್ದರೂ ಆ ಪ್ರೊಫೈಲಿಗೆ ಇಲ್ಲದ ಅಧಿಕಾರ ಎಲ್ಲಿಂದಲೂ ಹುಟ್ಟುವುದಿಲ್ಲ.

ಫ್ಲಾಸ್ಕ್‌ನಲ್ಲಿ ಎರಡೇ ದಾರಿಗಳು ಸಾಕು: ಒಂದು ಹುಡುಕಾಟದ ಪೆಟ್ಟಿಗೆ ತೋರಿಸುವುದು, ಇನ್ನೊಂದು ಫಲಿತಾಂಶ ತೋರಿಸುವುದು. ಬಳಕೆದಾರರು ಬರೆದ ಪದವನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯೊಳಗೆ, ಎಂದೂ ಅಂಟಿಸಬೇಡಿ. ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಆ ಪದವನ್ನು ಬೇರೆಯಾಗಿ ಕಳುಹಿಸಿ. ಟೆಂಪ್ಲೇಟಿನ ತಲೆಯಲ್ಲಿ ಅಕ್ಷರಸಂಕೇತ ಯುಟಿಎಫ್-8 ಎಂದೂ ಭಾಷೆ ‘ಕೆಎನ್’ ಎಂದೂ ಬರೆಯಿರಿ. ಅಕ್ಷರ ದೊಡ್ಡದಿರಲಿ. ಸ್ಟೋರ್ಸ್‌ನಲ್ಲಿ ಬೆಳಕು ಕಡಿಮೆ, ಕೈಯಲ್ಲಿ ಗ್ರೀಸ್ ಇರುತ್ತದೆ, ನೋಡುವವರ ವಯಸ್ಸು ಐವತ್ತು ದಾಟಿರುತ್ತದೆ. ನಾನು ಒಂದು ಪರದೆಗೆ ಒಂದೇ ವಸ್ತು, ಅದರ ಸಂಖ್ಯೆ, ಹೆಸರು, ಕಪಾಟು, ಉಳಿದಿರುವ ಎಣಿಕೆ ಇಷ್ಟನ್ನೇ ಇಟ್ಟೆ.

ದೋಷ ಬಂದಾಗ ಎಲ್ಲಿ ಹುಡುಕುವುದು? ಓಡಿಬಿಸಿ ಕೋರಿಕೆಗಳನ್ನು ನಡೆಸುವುದು ‘ಕ್ಯೂಝಡ್‌ಡಿಎಎಸ್‌ಓಐಎನ್‌ಐಟಿ’ ಎಂಬ ಹೆಸರಿನ ಕೆಲಸಗಳು, ಕ್ಯೂಯುಎಸ್‌ಆರ್‌ಡಬ್ಲ್ಯುಆರ್‌ಕೆ ಎಂಬ ಉಪವ್ಯವಸ್ಥೆಯಲ್ಲಿ. ಪೈಥಾನ್ ಒಂದು ಸಾಲಿನ ದೂರು ಕೊಟ್ಟು ಸುಮ್ಮನಾದರೂ ಆ ಕೆಲಸದ ಲಾಗ್‌ನಲ್ಲಿ ಪೂರ್ತಿ ಕಾರಣ ಬರೆದಿರುತ್ತದೆ. ಹಸಿರು ಪರದೆಯನ್ನು ಬಲ್ಲ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ತೋರಿಸಿಕೊಡುವವರೆಗೆ ನಾನು ಎಷ್ಟೋ ಸಂಜೆಗಳನ್ನು ಕಳೆದುಕೊಂಡಿದ್ದೆ.

ಏಳನೆಯ ಹೆಜ್ಜೆ: ಬರೆಯುವ ಕೆಲಸವನ್ನು ಆರ್‌ಪಿಜಿಗೇ ಬಿಡಿ

ನೋಡುವ ಪುಟ ಸಿಕ್ಕ ಕೂಡಲೇ ‘ಇಲ್ಲಿಂದಲೇ ಸರಕು ಇಳಿಸಿದ ಲೆಕ್ಕವನ್ನೂ ಹಾಕುವಂತಾಗಲಿ’ ಎಂಬ ಬೇಡಿಕೆ ಬರುತ್ತದೆ. ಆಗ ಪೈಥಾನ್‌ನಿಂದ ನೇರವಾಗಿ ಕಡತ ತಿದ್ದುವ ಆಸೆಗೆ ಬೀಳಬೇಡಿ. ದಾಸ್ತಾನು ಒಂದು ಸಂಖ್ಯೆ ಮಾತ್ರವಲ್ಲ. ಅದು ಬದಲಾದರೆ ಖರೀದಿ ಆದೇಶ, ಬೆಲೆಯ ಸರಾಸರಿ, ಲೆಕ್ಕಪತ್ರ ಎಲ್ಲವೂ ಜೊತೆಗೆ ಬದಲಾಗಬೇಕು. ಆ ನಿಯಮಗಳನ್ನೆಲ್ಲ ಯಾರೋ ಇಪ್ಪತ್ತು ವರ್ಷ ಕುಳಿತು ಆರ್‌ಪಿಜಿಯಲ್ಲಿ ಬರೆದಿದ್ದಾರೆ. ಅವರ ದುಡಿಮೆಯನ್ನು ಬದಿಗೊತ್ತಿದರೆ ವರ್ಷದ ಕೊನೆಯ ತಾಳೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಆ ಪ್ರೋಗ್ರಾಮನ್ನೇ ಡೇಟಾಬೇಸಿನ ಪ್ರೊಸೀಜರ್ ಆಗಿ, ಅಂದರೆ ಡೇಟಾಬೇಸಿನ ಮೂಲಕ ಹೆಸರು ಹಿಡಿದು ಕರೆಯಬಹುದಾದ ಕೆಲಸವಾಗಿ, ಘೋಷಿಸಬಹುದು. ಕ್ರಿಯೇಟ್ ಪ್ರೊಸೀಜರ್ ವಾಕ್ಯದಲ್ಲಿ ನಿಯತಾಂಕಗಳನ್ನು ಆರ್‌ಪಿಜಿಯಲ್ಲಿರುವ ಅದೇ ಬಗೆ, ಅದೇ ಉದ್ದದಲ್ಲಿ ಬರೆದು, ಭಾಷೆ ಆರ್‌ಪಿಜಿಎಲ್‌ಇ ಎಂದೂ ಹೊರಗಿನ ಹೆಸರು ಆ ಪ್ರೋಗ್ರಾಂ ಎಂದೂ ಸೂಚಿಸಿದರೆ ಮುಗಿಯಿತು. ಪೈಥಾನ್ ಅದನ್ನು ಕಾಲ್ ಮಾಡುತ್ತದೆ, ಲೆಕ್ಕ ಹಾಕುವುದು ಹಳೆಯ ಪ್ರೋಗ್ರಾಂ. ಅದು ಪರದೆ ತೆರೆಯುವ ಪ್ರೋಗ್ರಾಂ ಆಗಿದ್ದರೆ ಹೀಗೆ ಕರೆಯಲಾಗದು. ಪರದೆಯ ಭಾಗ ಮತ್ತು ಲೆಕ್ಕದ ಭಾಗವನ್ನು ಮೊದಲು ಬೇರ್ಪಡಿಸಬೇಕು. ನಮ್ಮಲ್ಲಿ ಹೆಚ್ಚು ಸಮಯ ಹಿಡಿದದ್ದು ಇದೇ, ಪುಟವಲ್ಲ. ಕರೆಯುವಾಗ ಲೈಬ್ರರಿ ಪಟ್ಟಿಯನ್ನೂ ಸಂಪರ್ಕದಲ್ಲಿ ಕೊಡಬೇಕು, ಇಲ್ಲದಿದ್ದರೆ ಆರ್‌ಪಿಜಿಗೆ ತನ್ನ ಕಡತ ಸಿಗುವುದಿಲ್ಲ.

ನಿಮ್ಮದೇ ಹೊಸ ಕೋಷ್ಟಕಕ್ಕೆ ಬರೆಯುವಾಗ ಎಸ್‌ಕ್ಯೂಎಲ್7008 ಎಂಬ ದೋಷ ಬಂದರೆ ಹೆದರಬೇಡಿ. ಆ ಕೋಷ್ಟಕ ಜರ್ನಲ್ ಆಗುತ್ತಿಲ್ಲ (ಅದರ ಬದಲಾವಣೆಗಳು ದಾಖಲಾಗುತ್ತಿಲ್ಲ), ಆದರೆ ಓಡಿಬಿಸಿ ಕಮಿಟ್ ನಿಯಂತ್ರಣದಲ್ಲಿ (ಬೇಡವಾದರೆ ಬದಲಾವಣೆಯನ್ನು ಹಿಂದೆಗೆಯಬಹುದಾದ ರೀತಿಯಲ್ಲಿ) ಬರೆಯಲು ಹೊರಟಿದೆ ಎಂಬುದು ಅದರ ಸಾಮಾನ್ಯ ಕಾರಣ. ಕಮಿಟ್ ಬಗೆಯನ್ನು 0ಗೆ ಇಳಿಸಿದರೆ ದೋಷ ಮಾಯವಾಗುತ್ತದೆ, ಆದರೆ ಅದು ನೋವಿಗೆ ಮುಲಾಮು ಅಷ್ಟೇ. ಜರ್ನಲ್ ಶುರು ಮಾಡುವುದೇ ಸರಿ. ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆಯೂ ಅದರಿಂದ ಸಿಗುತ್ತದೆ.

ಎಂಟನೆಯ ಹೆಜ್ಜೆ: ಸೇವೆಯಾಗಿ ನಿಲ್ಲಿಸುವುದು

ವೇಟ್ರೆಸ್‌ಗೆ ಒಂದು ಪೋರ್ಟ್, ಅಂದರೆ ಜಾಲದ ಕೋರಿಕೆಗಳನ್ನು ಪಡೆಯುವ ಸಂಖ್ಯೆಯ ಬಾಗಿಲು, ಬೇಕು. ‘ನೆಟ್‌ಸ್ಟ್ಯಾಟ್ *ಸಿಎನ್‌ಎನ್’ ಕೊಟ್ಟು ಈಗಾಗಲೇ ಯಾವುವು ಬಳಕೆಯಲ್ಲಿವೆ ಎಂದು ನೋಡಿ ಖಾಲಿ ಇರುವುದನ್ನು ಆರಿಸಿ. ವೇಟ್ರೆಸ್ ಯಂತ್ರದ ಒಳಗೆ ಮಾತ್ರ ಕೇಳಿಸಿಕೊಳ್ಳಲಿ, ಹೊರಗಿನ ಕೋರಿಕೆಯನ್ನು ಎಂಜಿನ್‌ಎಕ್ಸ್ ಪಡೆದು ಎಚ್‌ಟಿಟಿಪಿಎಸ್‌ನ ಗೂಢಲಿಪಿ ಬಿಚ್ಚಿ ಒಳಗೆ ದಾಟಿಸಲಿ. ಕಾರ್ಖಾನೆಯ ವೈಫೈ ಜಾಲದೊಳಗೆ ಮಾತ್ರ ಇದು ಕಾಣಬೇಕು. ಮನೆಯಿಂದ ನೋಡಬೇಕೆಂದು ಯಾರು ಎಷ್ಟೇ ಒತ್ತಾಯಿಸಿದರೂ ವಿಪಿಎನ್ (ಹೊರಗಿನಿಂದ ಕಾರ್ಖಾನೆಯ ಜಾಲಕ್ಕೆ ಬರುವ ಸುರಕ್ಷಿತ ಸುರಂಗ) ಇಲ್ಲದೆ ಬಾಗಿಲು ತೆರೆಯಬೇಡಿ.

ಎಸ್‌ಎಸ್‌ಎಚ್ ಕಿಟಕಿಯಲ್ಲಿ ಓಡಿಸಿದ ಪ್ರೋಗ್ರಾಂ ಆ ಕಿಟಕಿ ಮುಚ್ಚಿದರೆ ಸಾಯುತ್ತದೆ. ಅದಕ್ಕೇ ಸರ್ವಿಸ್ ಕಮಾಂಡರ್. ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ನಿಂತು ‘ಎಸ್‌ಸಿಇನಿಟ್’ ಎಂದು ಬರೆದು ಮುಂದೆ ಓಡಿಸುವ ಆಜ್ಞೆ ಕೊಟ್ಟರೆ ಅದು ಕೆಲವು ಪ್ರಶ್ನೆ ಕೇಳಿ ವಿವರಣೆಯ ಕಡತ ತಯಾರಿಸುತ್ತದೆ. ಬ್ಯಾಚ್ ಕೆಲಸವಾಗಿ ಓಡಿಸಲೇ ಎಂದು ಕೇಳಿದರೆ ಹೌದೆನ್ನಿ, ಆಗ ಹಸಿರು ಪರದೆಯ ‘ಡಬ್ಲ್ಯುಆರ್‌ಕೆಎಸಿಟಿಜಾಬ್’ ಪಟ್ಟಿಯಲ್ಲಿ ಅದು ಹೆಸರು ಸಮೇತ ಕಾಣುತ್ತದೆ. ಆಮೇಲೆ ‘ಎಸ್‌ಸಿ ಸ್ಟಾರ್ಟ್’, ‘ಎಸ್‌ಸಿ ಚೆಕ್’, ‘ಎಸ್‌ಸಿ ಸ್ಟಾಪ್’ ಇಷ್ಟರಲ್ಲೇ ಎಲ್ಲವೂ. ಯಂತ್ರ ಪುನಃ ಆರಂಭವಾದಾಗ ತಾನಾಗಿ ಏಳಬೇಕಾದರೆ ಕ್ಯೂಎಸ್‌ಟಿಆರ್‌ಯುಪಿ ಎಂಬ ಆರಂಭದ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿ.

ಒಂಬತ್ತನೆಯ ಹೆಜ್ಜೆ: ಬ್ಯಾಕಪ್

ಇದನ್ನು ಬಿಟ್ಟು ಮೇಲಿನ ಎಂಟನ್ನೂ ಮಾಡಿದರೆ ಪ್ರಯೋಜನವಿಲ್ಲ. ಬಹುತೇಕ ಎಎಸ್/400 ಕೋಣೆಗಳಲ್ಲಿ ರಾತ್ರಿ ಓಡುವ ಬ್ಯಾಕಪ್ ‘ಎಸ್‌ಎವಿಎಲ್‌ಐಬಿ’ ಆಜ್ಞೆಯದು. ಅದು ಲೈಬ್ರರಿಗಳನ್ನು ಉಳಿಸುತ್ತದೆ. ನಿಮ್ಮ ಪೈಥಾನ್ ಕೋಡ್, ಟೆಂಪ್ಲೇಟ್, ಎಂಜಿನ್‌ಎಕ್ಸ್ ಸಂಯೋಜನೆ ಇರುವುದು ಲೈಬ್ರರಿಯಲ್ಲಲ್ಲ, ಐಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ. ಅಂದರೆ ಇಪ್ಪತ್ತು ವರ್ಷದಿಂದ ನಿಷ್ಠೆಯಿಂದ ಓಡುತ್ತಿರುವ ನಿಮ್ಮ ಬ್ಯಾಕಪ್ ಟೇಪಿನಲ್ಲಿ ಹೊಸ ಕೆಲಸದ ಒಂದಕ್ಷರವೂ ಇರುವುದಿಲ್ಲ. ಪುಟ ಶುರುವಾಗಿ ಎರಡು ತಿಂಗಳಾದ ಮೇಲೆ ನಾನು ಟೇಪಿನ ಪಟ್ಟಿ ತೆರೆದು ನೋಡಿದಾಗ ಇದು ಗೊತ್ತಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

‘ಎಸ್‌ಎವಿ’ ಎಂಬ ಬೇರೆಯ ಆಜ್ಞೆಯಿಂದ ನಿಮ್ಮ ಮನೆ ಫೋಲ್ಡರ್, ಪುಟದ ಫೋಲ್ಡರ್ ಮತ್ತು ಕ್ಯೂಓಪನ್‌ಸಿಸ್‌ನ ಇಟಿಸಿ ಫೋಲ್ಡರನ್ನು ಪ್ರತಿ ರಾತ್ರಿ ಉಳಿಸಿ. ಪ್ಯಾಕೇಜ್‌ಗಳನ್ನು ಮತ್ತೆ ಸ್ಥಾಪಿಸಬಹುದು, ಆದರೆ ಯಾವ ಯಾವವು ಇದ್ದವು ಎಂಬ ಪಟ್ಟಿಯನ್ನು ‘ಯಮ್ ಲಿಸ್ಟ್ ಇನ್‌ಸ್ಟಾಲ್ಡ್’ ಮೂಲಕ ಕಡತಕ್ಕೆ ಬರೆಸಿ ಅದನ್ನೂ ಜೊತೆಗಿಡಿ. ‘ಗೋ ಸೇವ್’ ಮೆನುವಿನ 21ನೇ ಆಯ್ಕೆ ಇಡೀ ಯಂತ್ರವನ್ನು ಉಳಿಸುತ್ತದೆ, ಆದರೆ ಅದಕ್ಕೆ ಎಲ್ಲರ ಕೆಲಸ ನಿಲ್ಲಿಸಬೇಕು. ನಮ್ಮಲ್ಲಿ ಆಯುಧಪೂಜೆಯ ರಜೆಯಲ್ಲಿ ಅದನ್ನು ಮಾಡುತ್ತೇವೆ. ಕೋಡನ್ನು ಗಿಟ್ ಮೂಲಕ ಇನ್ನೊಂದು ಕಂಪ್ಯೂಟರಿಗೂ ಕಳುಹಿಸುತ್ತಿರಿ.

ಐಬಿಎಂ ಕಳುಹಿಸುವ ಪಿಟಿಎಫ್ ತಿದ್ದುಪಡಿಗಳು ಈ ಮುಕ್ತ ಪ್ಯಾಕೇಜ್‌ಗಳನ್ನು ಮುಟ್ಟುವುದಿಲ್ಲ. ಅವುಗಳ ಭದ್ರತಾ ತಿದ್ದುಪಡಿಗೆ ‘ಯಮ್ ಅಪ್‌ಗ್ರೇಡ್’ ಅನ್ನು ನೀವೇ ಓಡಿಸಬೇಕು. ನಾವು ತಿಂಗಳ ಮೊದಲ ಶನಿವಾರ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ಮೊದಲು ಟೇಪಿನಿಂದ ಪುಟದ ಫೋಲ್ಡರನ್ನು ಬೇರೆ ಹೆಸರಿನಲ್ಲಿ ಇಳಿಸಿ, ಅದು ಓಡುತ್ತದೆಯೇ ಎಂದು ನೋಡಿ, ಅನಂತರ ಅಪ್‌ಗ್ರೇಡ್ ಮಾಡುತ್ತೇವೆ. ಕೊನೆಗೆ ಸ್ಟೋರ್ಸ್‌ಗೆ ಫೋನ್ ಮಾಡಿ ಯಾವುದಾದರೂ ಒಂದು ಬೇರಿಂಗಿನ ಎಣಿಕೆ ಕೇಳುತ್ತೇನೆ. ಯಜಮಾನರು ಮೊಬೈಲ್ ನೋಡಿ ಹೇಳಿದ ಸಂಖ್ಯೆಯೂ ಹಸಿರು ಪರದೆಯ ಸಂಖ್ಯೆಯೂ ಒಂದೇ ಆಗಿದ್ದರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ಮನೆಗೆ ಹೊರಡುತ್ತೇನೆ.